ಗುಲಾಬಕ್ಕನ ಬಲಗೈ

ಮೊನ್ನೆ ಬ್ರಹ್ಮಾವರದ ನನ್ನ ಕ್ಲಿನಿಕ್ಕಿಗೆ ಮಂಡಿನೋವೆಂದು ಒಬ್ಬರು ಅಜ್ಜಿ ಬಂದರು. ಮಂಚದ ಮೇಲೆ ಕೂರಿಸಿ ಸೀರೆಯನ್ನು ಸ್ವಲ್ಪ ಮೇಲೆತ್ತಿದ್ದೇ ತಡ, ಕರ್ಪೂರ ಹಾಕಿ ಕಾಸಿದ ತೆಂಗಿನೆಣ್ಣೆಯ ವಾಸನೆ ರಪ್ಪನೆ ಮೂಗಿಗೆ ಹೊಡೆಯಿತು. ನಮ್ಮ ಕಡೆಯವರು ಎಣ್ಣೆ ತಿಕ್ಕಿಸಿಕೊಳ್ಳದೆ ಯಾವ ಡಾಕ್ಟರ ಮೆಟ್ಟಿಲನ್ನೂ ಹತ್ತುವವರಲ್ಲ. ಬೇರೆ ದಿನವಾಗಿದ್ದರೆ, "ಇಷ್ಟೆಲ್ಲ ಎಣ್ಣೆ ಎಂತಕಜ್ಜಿ, ನಿಮ್ಮನ್ನೇನು ಬಾಣಲೆಗೆ ಹಾಕುದಾ?" ಎಂದು ರೇಗಿಸುತ್ತಿದ್ದೆ. ಮೊನ್ನೆ ಕೈ ಅಜ್ಜಿಯ ಮಂಡಿಯ ಮೇಲಿತ್ತು, ನಾನು ಮಾತ್ರ ತ್ರಾಸಿಯ ಕಡಲ ಬದಿಯ ಒಂದು ಹೆಂಚಿನ ಮನೆಯಲ್ಲಿದ್ದೆ. ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲ ಅದು. ಸರ್ಟಿಫಿಕೇಟು ಅದಕ್ಕಿಂತ ಮೊದಲೇ ಕೈಗೆ ಬಂದಿತ್ತಾದರೂ, ನಾನು ಫಿಸಿಯೋಥೆರಪಿಸ್ಟ್ ಆದದ್ದು ಆ ಮಳೆಗಾಲದಲ್ಲಿ.

ಆಗಬೇಕೆಂದು ಹಟ ಹಿಡಿದು ಆದವಳೂ ಅಲ್ಲ ನಾನು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಎಲ್ಲರ ಹಾಗೆ ಎಂಬಿಬಿಎಸ್ ಕನಸು ಕಂಡೆ, ಸಿಇಟಿ ಆ ಕನಸನ್ನು ಚೊಕ್ಕವಾಗಿ ಗುಡಿಸಿ ಹೊರಗೆ ಹಾಕಿತು. ಸಿಕ್ಕಿದ್ದು ಮಂಗಳೂರಿನಲ್ಲಿ ಬಿಪಿಟಿ ಎಂಬ ಫಿಸಿಯೋಥೆರಪಿ ಕೋರ್ಸಿನ ಸೀಟು. "ಅದ್ ಎಂತ ಓದುದ್?" ಎಂದು ಕೇಳದ ನೆಂಟರಿಲ್ಲ. ಮದುವೆಮನೆಗಳಲ್ಲಿ ಅಮ್ಮ ನನ್ನನ್ನು "ಅರ್ಧ ಡಾಕ್ಟ್ರು" ಎಂದು ಪರಿಚಯಿಸಿದರೆ ಚಿಕ್ಕಮ್ಮ, "ಯಾವ ಅರ್ಧ ಮಾರಾಯ್ತಿ, ಮೇಲಿಂದಾ ಕೆಳಗಿಂದಾ?" ಎಂದು ಹತ್ತು ಜನರೆದುರು ನಗುತ್ತಿದ್ದಳು. ಅಪ್ಪಯ್ಯ ಗದ್ದೆ ಬದುವಿನಲ್ಲಿ ಸಿಕ್ಕವರಿಗೆಲ್ಲ "ಮೂಳೆ ಡಾಕ್ಟ್ರ್ ಕೋರ್ಸ್" ಎಂದು ಹೇಳಿ ಕೈತೊಳೆದುಕೊಂಡಿದ್ದ.

ಕೋರ್ಸೇನು ಸುಲಭದ್ದಲ್ಲ. ಮೊದಲ ವರ್ಷ ಹೆಣದ ಎದುರು ನಿಂತು ಸ್ನಾಯುಗಳ ಹೆಸರು ಬಾಯಿಪಾಠ. ಹಾಸ್ಟೆಲಿನ ದಿಂಬಿನ ಪಕ್ಕ ಮೂಳೆಯ ಚೀಲ. ರಜೆಯಲ್ಲಿ ಅದನ್ನು ಊರಿಗೆ ತಂದಿದ್ದೆ, ಅಮ್ಮ ಬ್ಯಾಗು ಬಿಚ್ಚಿ ನೋಡಿ ಕಿರುಚಿದ್ದಕ್ಕೆ ಆಚೆಮನೆಯವರು ಓಡಿಬಂದಿದ್ದರು. ಆಮೇಲೆ ಕರೆಂಟಿನ ಯಂತ್ರಗಳು, ಬಿಸಿ ಮೇಣ, ತೂಕದ ಚೀಲ. ಊರುಗೋಲಿನಲ್ಲಿ ನಡೆಸುವುದನ್ನು ಕಲಿಯಲು ನಾವೇ ಒಂದು ಕಾಲು ಮಡಚಿಕೊಂಡು ಕಾಲೇಜಿನ ವರಾಂಡದಲ್ಲಿ ಕುಂಟುತ್ತಿದ್ದೆವು. ಕಡೆಗೆ ಆರು ತಿಂಗಳು ಆಸ್ಪತ್ರೆಯ ವಾರ್ಡುಗಳಲ್ಲಿ ಇಂಟರ್ನ್‌ಶಿಪ್. ಎಲ್ಲ ಮುಗಿಸಿ ಬಂದಾಗ ಮನುಷ್ಯದೇಹದಲ್ಲಿ ನನಗೆ ಗೊತ್ತಿಲ್ಲದ ಕೀಲೇ ಇಲ್ಲ ಎಂಬ ಜಂಬ ನನಗಿತ್ತು.

ಕೆಲಸ ಸಿಕ್ಕಿದ್ದು ಕುಂದಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ರಘುರಾಮ್ ಸರ್ ಕೈಕೆಳಗೆ. ಸರ್‌ಗೆ ಮಾತು ಕಡಿಮೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಕಿಟಕಿಯಾಚೆ ಹುಯ್ಯುವ ಮಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ತ್ರಾಸಿಯಲ್ಲಿ ಒಬ್ರು ಸ್ಟ್ರೋಕ್ ಪೇಷೆಂಟಿದ್ದಾರೆ, ಮೀನು ಮಾರುವವರು. ಬಲಭಾಗ ಹೋಗಿದೆ. ಇಲ್ಲಿಗೆ ಕರ್ಕೊಂಡು ಬರುದು ಕಷ್ಟ. ವಾರಕ್ಕೆ ಮೂರು ದಿನ ನೀನು ಹೋಗು," ಎಂದರು. ಹೂಂ ಎಂದೆ. ಸ್ವಂತದ ಮೊದಲ ಪೇಷೆಂಟ್ ಎಂದು ಒಳಗೊಳಗೇ ಖುಷಿ. ಬಸ್ಸಿಳಿಯುವಾಗ ಕೊಡೆ ಹಿಂದುಮುಂದಾಗಿ ಮಗುಚಿಕೊಂಡು ಆ ಖುಷಿಯೂ ಅರ್ಧ ಒದ್ದೆಯಾಯಿತು.

ಹೆದ್ದಾರಿಯಿಂದ ಪಶ್ಚಿಮಕ್ಕೆ ತೆಂಗಿನ ಮರಗಳ ನಡುವೆ ಮರಳಿನ, ನಮ್ಮ ಮಾತಿನಲ್ಲಿ ಹೊಯಿಗೆಯ, ದಾರಿ. ಮನೆಯ ಎದುರಿನ ಚಪ್ಪರದಲ್ಲಿ ತೆಂಗಿನ ಗರಿಯ ಮಡಲು ಹೊದ್ದುಕೊಂಡು ಒಂದು ಸಣ್ಣ ದೋಣಿ ಮಲಗಿತ್ತು. ಕಡಲು ಕಂಡಾಪಟ್ಟೆ ಏಳುವ ಆ ಎರಡು ತಿಂಗಳು ಅಂಥ ದೋಣಿಗಳಿಗೆ ನೀರಿಗಿಳಿಯುವ ಯೋಗವಿಲ್ಲ. ಜಗಲಿಯಲ್ಲಿ ಅರುವತ್ತರ ಹತ್ತಿರದ ಗಂಡಸೊಬ್ಬರು ಕೂತು ಹೆಂಡತಿಯ ತಲೆ ಬಾಚುತ್ತಿದ್ದರು. ಬಲೆಯ ಗಂಟು ಬಿಡಿಸುವ ಹಾಗೆ ಒಂದೊಂದೇ ಎಳೆ ಹಿಡಿದು, ನೋವಾಗದ ಹಾಗೆ, ತುಟಿ ಕಚ್ಚಿಕೊಂಡು. ಅವರು ಮಂಜಣ್ಣ. ಬಾಚಿಸಿಕೊಳ್ಳುತ್ತಿದ್ದವರು ಗುಲಾಬಕ್ಕ.

"ಬನಿ ಡಾಕ್ಟ್ರೇ, ಬನಿ," ಎಂದು ಮಂಜಣ್ಣ ಎದ್ದರು.

ಗುಲಾಬಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾತು ಸ್ವಲ್ಪ ತೊದಲುತ್ತಿತ್ತು, ಹರಿತ ಮಾತ್ರ ಹಾಗೇ ಇತ್ತು. "ಇದ್ಯಾರ್ ಮಾರಾಯ್ರೆ ಡಾಕ್ಟ್ರ್? ಶಾಲಿಗ್ ಹೋಪ್ ಹೆಣ್ಣಿನ್ ಕಂಡಂಗೆ ಆತ್ತ್."

ಬುಟ್ಟಿ ಹೊತ್ತು ಊರೂರು ತಿರುಗಿ, ಅಂಗಳದಲ್ಲಿ ನಿಂತು ಬಂಗುಡೆಗೆ ಚೌಕಾಸಿ ಮಾಡುವವರ ಬಾಯಿ ಮುಚ್ಚಿಸಿದ ಹೆಂಗಸು. ಮೇ ತಿಂಗಳ ಕಡೆಯಲ್ಲಿ ಹಾಗೆ ಬುಟ್ಟಿ ಇಳಿಸುವಾಗಲೇ ಬಲಗೈ ಬಲಗಾಲು ಸೋತು ಕುಸಿದದ್ದಂತೆ. ಈಗ ಬಲಗೈ ಎದೆಗೆ ಮಡಚಿಕೊಂಡು, ಬೆರಳು ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಮನೆಯ ತುಂಬ ಕರ್ಪೂರದೆಣ್ಣೆಯ ವಾಸನೆ. ದಿನಕ್ಕೆರಡು ಸಲ ಮಂಜಣ್ಣ ಆ ಕೈಗೆ ಹಚ್ಚಿ ತಿಕ್ಕುತ್ತಿದ್ದರು.

ನಾನು ಕಲಿತ ಕ್ರಮದಲ್ಲಿ ಎಲ್ಲ ಮಾಡಿದೆ. ಭುಜ ಸಡಿಲಿಸಿದೆ, ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ಅಂಗೈಯನ್ನು ಬೆಂಚಿನ ಮೇಲೆ ಊರಿಸಿ ಮೈಭಾರ ಹಾಕಿಸಿದೆ, ಕೂತಲ್ಲಿಂದ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡಿಸಿದೆ. ಎರಡು ವಾರಕ್ಕೆ ನಿಂತರು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕೊಂಡು ವಾಪಸು ಬಂದೆ. ಆದರೆ ಅಲ್ಲಿಗೇ ನಿಂತುಬಿಟ್ಟಿತು. ಸೋಮವಾರ ಮಾಡಿದ್ದು ಬುಧವಾರಕ್ಕೆ ಇಲ್ಲ, ಬುಧವಾರದ್ದು ಶುಕ್ರವಾರಕ್ಕೆ ಇಲ್ಲ.

ಯಾಕೆಂದು ತಿಳಿದದ್ದು ಒಂದು ಮಧ್ಯಾಹ್ನ ಸ್ವಲ್ಪ ಬೇಗ ಹೋದಾಗ. ಮಂಜಣ್ಣ ಗಂಜಿಬಟ್ಟಲು ಹಿಡಿದು, ಉಪ್ಪಿನಕಾಯಿ ಮುಟ್ಟಿಸಿ ಮುಟ್ಟಿಸಿ ಹೆಂಡತಿಗೆ ಉಣ್ಣಿಸುತ್ತಿದ್ದರು. ಉಣ್ಣಿಸಿಯಾದ ಮೇಲೆ ಬಾಯಿ ಒರೆಸಿದರು. ಬಾಯಿ ಒರೆಸಿ, ಎರಡೂ ಕೈಯಲ್ಲಿ ಎತ್ತಿ, ಮದುಮಗಳನ್ನು ಎತ್ತಿದ ಹಾಗೆ ಹಿತ್ತಿಲ ಬಚ್ಚಲಿಗೆ ಕರೆದುಕೊಂಡು ಹೋದರು.

"ನಿಮ್ಮ ಎಡಗೈ ಸರಿ ಇದೆಯಲ್ಲ ಗುಲಾಬಕ್ಕ, ಅದರಲ್ಲಿ ಉಣ್ಣಬಹುದಲ್ಲ?" ಎಂದೆ.

"ಎಡ್ಗೈಯಲ್ ಉಂಬುದಾ?" ಅವರ ಮುಖ ನೋಡಬೇಕಿತ್ತು. "ಅನ್ನಕ್ಕ್ ಎಡ್ಗೈ ಹಾಕುಕೆ ನಾನೆಂತ ಸತ್ತ್ ಹೋಯ್ದ್ನಾ?"

ಆಸ್ಪತ್ರೆಯಲ್ಲೂ ಇದೇ ಕತೆಯಂತೆ. ನರ್ಸ್ ಎಡಗೈಗೆ ಚಮಚ ಕೊಟ್ಟರೆ ಎಸೆದಿದ್ದರು. ಎರಡು ದಿನ ಉಪವಾಸ ಮಲಗಿದ ಮೇಲೆ ಮಂಜಣ್ಣ ತಾವೇ ಉಣ್ಣಿಸಲು ಶುರು ಮಾಡಿದ್ದು. ಉಣ್ಣಿಸಲು ಹೊರಟವರು ತಲೆ ಬಾಚಿದರು, ಬಾಚಿದವರು ಮೀಯಿಸಿದರು, ಮೀಯಿಸಿದವರು ಎತ್ತಿಕೊಂಡೇ ತಿರುಗಿದರು. ವಾರಕ್ಕೆ ಮೂರು ದಿನ ನಾನು ಬಂದು ಒಂದು ಗಂಟೆ ಕೆಲಸ ಕೊಡುವ ಆ ಕೈಕಾಲಿಗೆ ಉಳಿದ ಹೊತ್ತೆಲ್ಲ ರಜೆ.

ನನಗೆ ಸಿಟ್ಟು ನೆತ್ತಿಗೇರಿತು. ವಯಸ್ಸೂ ಅಂಥದ್ದು. "ನೀವು ಹೀಗೆ ಮಾಡ್ತಾ ಇದ್ರೆ ಇವರು ಜನ್ಮದಲ್ಲಿ ಏಳುದಿಲ್ಲ, ಬರೆದಿಟ್ಕೊಳ್ಳಿ," ಎಂದುಬಿಟ್ಟೆ. ನಾನು ಹೊರಡುವಾಗ ಮಂಜಣ್ಣ ಹೆದ್ದಾರಿಯವರೆಗೆ ಕೊಡೆ ಹಿಡಿದು ಬಂದರು. ಬಸ್ಸಿಗೆ ಕಾಯುತ್ತ ನಿಂತಿರುವಾಗ, ಕಡಲ ಕಡೆ ನೋಡುತ್ತ ಮಾತು ತೆಗೆದರು. ನಮ್ಮ ಕಡೆಯ ಹಳೆಯ ಗಂಡಸರು ಹೆಂಡತಿಯ ಹೆಸರು ಹೇಳುವುದಿಲ್ಲ, "ಅದು" ಎನ್ನುತ್ತಾರೆ.

"ಮದಿ ಆಯಿ ಇಷ್ಟ್ ವರ್ಷ ಆಯ್ತ್ ಡಾಕ್ಟ್ರೇ. ನಾನ್ ಕಡಲಿಂದ ಬಪ್ಪತಿಗೆ ಅದ್ ಬುಟ್ಟಿ ಹೊತ್ಕಂಡ್ ಹೋಪುದ್. ಅದ್ ತಿರ್ಗಿ ಬಪ್ಪತಿಗೆ ನಾನ್ ಚಾಪೆ ಹಾಸಿ ಮನಿಕಂಬುದ್. ಅದ್ ಉಂಬುದನ್ನ್ ನಾನ್ ಕೂತ್ಕಂಡ್ ಕಂಡದ್ದೇ ಇಲ್ಲ. ಈಗ ನನ್ನ್ ಕೈಯಲ್ ಉಣ್ತ್. ತಪ್ಪಾ?"

ನಾಲ್ಕೂವರೆ ವರ್ಷ ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತು ಅತ್ತುಬಿಟ್ಟೆ, ಯಾಕೆಂದು ನನಗೇ ಸರಿಯಾಗಿ ತಿಳಿಯದೆ.

ಆದರೆ ಪ್ರೀತಿಯ ಹೆಸರಿನಲ್ಲಿ ಸುಮ್ಮನೆ ಬಿಡುವ ಹಾಗೂ ಇರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆ ಕಳೆದು ಕಡಲು ತಣಿದರೆ ದೋಣಿ ನೀರಿಗಿಳಿಯಬೇಕು. ಬೆಳಿಗ್ಗೆ ಹೋದ ಮಂಜಣ್ಣ ಬರುವಾಗ ಮಧ್ಯಾಹ್ನವಾಗುತ್ತದೆ. ಅಷ್ಟು ಹೊತ್ತು ಗುಲಾಬಕ್ಕ ಒಬ್ಬರೇ ಇರಬೇಕು, ಒಬ್ಬರೇ ಎದ್ದು ಬಚ್ಚಲಿಗೆ ಹೋಗಬೇಕು, ಒಬ್ಬರೇ ಉಣ್ಣಬೇಕು. ಆಗದಿದ್ದರೆ ಮುಂಬಯಿಯ ಮಗಳು ಸರೋಜ ಅಮ್ಮನನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಹಾಗಾದರೆ ದೋಣಿ ಕೊಟ್ಟುಬಿಟ್ಟು ತಾನೂ ಹಿಂದೆಯೇ ಹೋಗಿ ಯಾರದಾದರೂ ಹೋಟೆಲಿನ ಬಾಗಿಲಲ್ಲಿ ವಾಚ್‌ಮನ್ ಆಗಿ ಕೂರುವುದೆಂದು ಮಂಜಣ್ಣ. ಗುಲಾಬಕ್ಕನಿಗೆ ಎರಡೂ ಬೇಡ. "ಸರೋಜನ್ ರೂಮಿದ್ದದ್ ಮೂರ್ನೇ ಮಾಳಿಗೆಯಲ್. ಅಲ್ ಕೂತ್ಕಂಡ್ ಎಂತ ಕಾಂಬುದ್, ಎದ್ರ್ ಬಿಲ್ಡಿಂಗಿನ್ ಪೈಪಾ?" ಎಂದು ನನ್ನ ಮೇಲೇ ರೇಗುತ್ತಿದ್ದರು. ಕಡಲಿಗೆ ಬೆನ್ನು ಹಾಕಿ ಬದುಕುವುದೆಂದರೆ ಆ ಇಬ್ಬರಿಗೂ ಏನೆಂದು ಆ ಜಗಲಿಯಲ್ಲಿ ಅರ್ಧ ಗಂಟೆ ಕೂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಮರುದಿನ ಸರ್ ಎದುರು ಎಲ್ಲ ಹೇಳಿಕೊಂಡೆ. ಸರ್ ಕೇಳಿ, "ಎಡಗೈಯಲ್ಲಿ ಉಣ್ಣುದಿಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ ಮಾರಾಯ್ತಿ. ಆ ಹಟವನ್ನೇ ಬಲಗೈಗೆ ಹಚ್ಚು," ಎಂದರು. ನಾನು ಎದ್ದು ಬಾಗಿಲವರೆಗೆ ಹೋದಾಗ ಮತ್ತೆ ಕರೆದು, "ಇಷ್ಟು ವರ್ಷ ಪೇಷೆಂಟಿಗೆ ಕೈ ಹಾಕುದು ಹೇಗಂತ ಕಲ್ತಿ. ಇನ್ನು ಕೈ ತೆಗೆಯುದು ಕಲಿ. ಅವರಿಗೆ ಕಲಿಸುದು ಆಮೇಲೆ, ಮೊದಲು ನೀನು," ಎಂದು ಸೇರಿಸಿದರು.

ಚಮಚದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದೆ, ಬಿಗಿ ಬೆರಳಿಗೂ ಹಿಡಿಯಲು ಸಿಗಲಿ ಎಂದು. ಜಾರುತ್ತದೆ ಎಂದು ಮಂಜಣ್ಣ ಅದರ ಮೇಲೆ ಬಲೆಯ ನೂಲು ಸುತ್ತಿ ಚಂದ ಮಾಡಿಕೊಟ್ಟರು. ಬಲಗೈ ಚಮಚ ಹಿಡಿಯುವುದು, ಎಡಗೈ ಬಲಗೈಯ ಮಣಿಕಟ್ಟು ಹಿಡಿದು ಬಾಯಿಗೆ ಒಯ್ಯುವುದು. "ಉಂಬುದ್ ಬಲ್ಗೈ, ಎಡ್ಗೈ ಬರೀ ಕೂಲಿಯಾಳ್," ಎಂದೆ. ಗುಲಾಬಕ್ಕ ಅದಕ್ಕೆ ಒಪ್ಪಿದರು. ಒಂದೇ ಷರತ್ತು ನನ್ನದು: ಅವರು ಉಣ್ಣುವಾಗ ಮಂಜಣ್ಣ ಚಪ್ಪರದಲ್ಲಿ ಬಲೆ ಸರಿಮಾಡುತ್ತ ಕೂರಬೇಕು, ಒಳಗೆ ಬರಕೂಡದು.

ಮೊದಲ ದಿನ ಗಂಜಿ ಸೀರೆಯ ಮೇಲೆ, ಚಾಪೆಯ ಮೇಲೆ, ಬೆಕ್ಕಿನ ಮೇಲೆ. ಬಾಯಿಗೆ ಹೋದದ್ದು ಏನೋ ಸ್ವಲ್ಪ. ಮಡಲಿನ ಸಂದಿಯಿಂದ ಮಂಜಣ್ಣ ಇಣುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರ ಕೈಯಲ್ಲಿ ಬಲೆ ಇತ್ತು, ಸೂಜಿ ಓಡುತ್ತಿರಲಿಲ್ಲ. ಎರಡನೆಯ ದಿನ ಗುಲಾಬಕ್ಕ ಬಟ್ಟಲನ್ನೇ ಬೀಸಿ ಒಗೆದರು. "ಹೊಟ್ಟೆ ಹಸು ಆತ್ತ್ ಹೆಣ್ಣೇ ನಂಗೆ! ನಾಯಿಗಾರೂ ಕರ್ದ್ ಅನ್ನ ಹಾಕ್ತ್ರ್!" ಎಂದು ಅತ್ತರು. ನನ್ನ ಕೈ ಬಟ್ಟಲಿನ ಕಡೆ ತಾನಾಗಿ ಹೋಯಿತು. ಒಂದೇ ಒಂದು ತುತ್ತು ಹಾಕಿಬಿಡೋಣ ಎಂದು ಜೀವ ಹೇಳಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಅಷ್ಟು ಕಷ್ಟದ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. "ಎಂತ ಮುಖ ಕಾಂತೆ? ಬಡ್ಸ್ ಮತ್ತೆ," ಎಂದರು. ಬಡಿಸಿದೆ. ಉಂಡರು.

ಆಷಾಢವಿಡೀ ಹೀಗೇ. ಒಣ ಸಿಗಡಿಯ ತಲೆ ಕೀಳುವ ಕೆಲಸ ಕೊಟ್ಟೆ. ಎಡಗೈ ಕೀಳಬೇಕು, ಬಲಗೈ ಮೊರದಂಥ ಗೆರಸಿಯನ್ನು ಅಲುಗದ ಹಾಗೆ ಒತ್ತಿ ಹಿಡಿಯಬೇಕು. ಚಪ್ಪರದ ಎರಡು ಕಂಬಗಳಿಗೆ ಹಗ್ಗ ಬಿಗಿದು ಅದನ್ನು ಹಿಡಿದುಕೊಂಡು ನಡೆಸಿದೆ. ಬಲಪಾದದ ಮುಂಭಾಗ ನೆಲಕ್ಕೆ ತಾಗಿ ಎಡವುತ್ತಿತ್ತು. "ಬುಟ್ಟಿ ತಲೆ ಮೇಲಿತ್ತ್ ಅಂದ್ಕಣಿ, ಗದ್ದೆ ಅಂಚಲ್ ಹೋತ್ರಿ ಅಂದ್ಕಣಿ," ಎಂದು ನಾನು ಹಿಂದಿನಿಂದ ಹೇಳಿದರೆ ಬೆನ್ನು ನೆಟ್ಟಗಾಗಿ ಹೆಜ್ಜೆ ಸ್ವಲ್ಪ ಏಳುತ್ತಿತ್ತು. ನನಗೂ ಅವರ ಭಾಷೆ ನಾಲಿಗೆಗೆ ಹತ್ತಿಬಿಟ್ಟಿತ್ತು. ತಲೆ ಬಾಚುವುದನ್ನು ಮಾತ್ರ ನಾನು ಮಂಜಣ್ಣನ ಕೈಯಿಂದ ಕಸಿದುಕೊಳ್ಳಲಿಲ್ಲ. ಚಿಕಿತ್ಸೆಗೆ ಅದು ಸರಿಯೋ ತಪ್ಪೋ, ಯಾರೂ ನನ್ನನ್ನು ಕೇಳದಿರಲಿ ಎಂದುಕೊಂಡೆ.

ಶ್ರಾವಣ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ನಾನಿಲ್ಲದಾಗ, ಗುಲಾಬಕ್ಕ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ ಪಾಚಿಗೆ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಮಂಡಿ ಮಾತ್ರ ಬಾತು ನೀಲಿಯಾಯಿತು. ಸರೋಜನಿಗೆ ಸುದ್ದಿ ಮುಟ್ಟಿತು. ಅವಳು ದಿನಾ ಸಂಜೆ ರಸ್ತೆಬದಿಯ ಅಂಗಡಿಯ ಫೋನಿಗೆ ಮಾಡಿ ಅಮ್ಮನ ವಿಚಾರ ಕೇಳುತ್ತಿದ್ದವಳು. ಅಂದು ನಾನು ಹೋಗುತ್ತಲೇ ನನ್ನನ್ನೇ ಫೋನಿಗೆ ಕರೆಸಿದಳು. "ನೋಡಿ ಮೇಡಂ, ಅಪ್ಪಯ್ಯ ಎತ್ಕೊಂಡು ಹೋಗ್ತಿದ್ದಾಗ ಒಂದು ದಿನವೂ ಬಿದ್ದಿರ್ಲಿಲ್ಲ. ನೀವು ಬೇಡ ಅಂದ ಮೇಲೆ ಬಿದ್ದದ್ದು. ಸಾಕು. ಹುಣ್ಣಿಮೆಗೆ ನಾನೇ ಬರ್ತೇನೆ, ಕರ್ಕೊಂಡು ಹೋಗ್ತೇನೆ," ಎಂದಳು. ದನಿ ಸಿಟ್ಟಿನದ್ದಲ್ಲ, ಹೆದರಿಕೆಯದ್ದು. ಅದು ನನಗೆ ಗೊತ್ತಾಯಿತು, ಅದಕ್ಕೇ ಹೆಚ್ಚು ನೋವಾಯಿತು.

ಅಂಗಡಿಯಿಂದ ಮನೆಗೆ ಹಿಂತಿರುಗಿದರೆ ಮಂಜಣ್ಣ ಬಚ್ಚಲ ಕಲ್ಲಿನ ಪಾಚಿಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದರು. ಬಚ್ಚಲ ಗೋಡೆಗೆ ಆಗಲೇ ಒಂದು ಬಿದಿರಿನ ಹಿಡಿಕೆ ಕಟ್ಟಿಯಾಗಿತ್ತು. ಇನ್ನು ಮುಂದೆ ಎತ್ತಿಕೊಂಡೇ ಹೋಗುತ್ತೇನೆ ಎನ್ನುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ ನಾನು. ಅವರು ತಲೆ ಎತ್ತದೆ, "ಅದ್ ಬಿದ್ದದ್ದ್ ಎದ್ದದ್ದಕ್ಕಲ್ದಾ," ಎಂದರಷ್ಟೆ. ಒಳಗಿನಿಂದ ಗುಲಾಬಕ್ಕ ಕೂಗಿದರು: "ಹ್ವಾಯ್ ಡಾಕ್ಟ್ರೇ, ಎಂತ ಅಲ್ ನಿಂತದ್ದ್? ಈ ಕಾಲ್ ಯಾರ್ ನಡ್ಸುದ್, ನಿಮ್ಮ್ ಚಿಕ್ಕಮ್ಮ ಬತ್ತ್ರಾ?" ಚಿಕ್ಕಮ್ಮನ ಕತೆ ಹೇಳಿದ್ದೇ ತಪ್ಪಾಗಿತ್ತು ನನ್ನದು. ನಕ್ಕೊಂಡು ಒಳಗೆ ಹೋದೆ.

ನೂಲ ಹುಣ್ಣಿಮೆಗೆ ಊರವರೆಲ್ಲ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟರು. ಅದರ ಹಿಂದಿನ ದಿನವೇ ಸರೋಜ ಬಂದಿದ್ದಳು, ತೆಳ್ಳಗಿನ, ಕಣ್ಣ ಕೆಳಗೆ ಕಪ್ಪು ಬಿದ್ದ ಹುಡುಗಿ. ಅಮ್ಮ ಗೋಡೆ ಹಿಡಿಯದೆ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದದ್ದನ್ನು ನೋಡಿ ಅವಳು ಬೆರಗಾದದ್ದು ಹೌದು. ಆದರೆ ಮನಸ್ಸು ಬದಲಾಗಲಿಲ್ಲ. "ಜಗಲಿ ಬೇರೆ ಮೇಡಂ. ಇವರಿಬ್ಬರೇ ಇರುದು. ನಾನು ಅಲ್ಲಿ ಹೇಗೆ ಇರ್ಲಿ?" ಎಂದಳು. ಹುಣ್ಣಿಮೆಯ ಮರುದಿನ ರಾತ್ರಿಯ ಮುಂಬಯಿ ಬಸ್ಸಿಗೆ ಎರಡು ಸೀಟು ಆಗಲೇ ಕಾದಿರಿಸಿಯಾಗಿತ್ತು.

ಅದೇ ದಿನ ಬೆಳಿಗ್ಗೆ ದೋಣಿ ಇಳಿಯುವುದಿತ್ತು. ಹೆಂಡತಿ ಹೋದ ಮೇಲೆ ದೋಣಿ ಯಾರಿಗೆ ಕೊಡುವುದೋ, ಕೊನೆಗೆ ಒಂದು ಸಲ ತಾನೇ ಹೋಗಿಬರುತ್ತೇನೆಂದು ಮಂಜಣ್ಣ. ನನ್ನ ಸರದಿಯ ದಿನವಲ್ಲದಿದ್ದರೂ ನಾನು ಮೊದಲ ಬಸ್ಸಿಗೇ ಹೋಗಿದ್ದೆ. ವಿದಾಯ ಹೇಳಲೆಂದು ಹೋದದ್ದು, ನಿಜ ಹೇಳುವುದಾದರೆ. ಮಳೆ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು. ಮಂಜಣ್ಣ ದೇವರಿಗೆ ಕೈಮುಗಿದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅವರ ಭಾವ ಮತ್ತು ಇನ್ನಿಬ್ಬರು ದೋಣಿಯನ್ನು ನೀರಂಚಿಗೆ ನೂಕಿಯಾಗಿತ್ತು.

ಅವರು ಹೋದ ಮೇಲೆ ನೋಡಿದರೆ ಗಂಜಿ ತುಂಬಿದ, ಹಿಡಿಯಿರುವ ತೂಕುಪಾತ್ರೆ ಜಗಲಿಯ ಮೇಲೆಯೇ ಇದೆ.

"ಅಪ್ಪಯ್ಯ ಬುತ್ತಿ ಬಿಟ್ಟ್ ಹೋಯ್ರ್!" ಎಂದು ಸರೋಜ ಎದ್ದು ಕೂಗಲು ಬಾಯಿ ತೆರೆದಳು. ಗುಲಾಬಕ್ಕ ಎಡಗೈಯಿಂದ ಅವಳ ಸೆರಗು ಜಗ್ಗಿ ಕೂರಿಸಿದರು. ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಅದರಲ್ಲೂ ಮಳೆಗಾಲ ಕಳೆದು ಮೊದಲ ಸಲ ಇಳಿಯುವ ದಿನ. ಹಾಗಾದರೆ ಓಡಿಹೋಗಿ ಕೊಡುತ್ತೇನೆಂದು ಸರೋಜ ಪಾತ್ರೆಗೆ ಕೈ ಹಾಕಿದಳು.

"ಮುಟ್ಬ್ಯಾಡ," ಎಂದರು ಗುಲಾಬಕ್ಕ. "ಮೊದ್ಲ್ ದಿನದ್ ಬುತ್ತಿ ಯಾವತ್ತೂ ಕೊಟ್ಟದ್ ನಾನ್. ಇವತ್ತೂ ನಾನೇ ಕೊಡ್ಕ್."

ಎಡಗೈಯಲ್ಲಿ ಪಾತ್ರೆಯ ಹಿಡಿ ಹಿಡಿದು ಎದ್ದರು. ಮೆಟ್ಟಿಲು ಇಳಿದರು. ಮುಂದೆ ಹೊಯಿಗೆ. ಗಟ್ಟಿ ನೆಲದಲ್ಲಿ ನಡೆಯುವುದು ಬೇರೆ, ಕಾಲು ಹೂತುಹೋಗುವ ಹೊಯಿಗೆಯಲ್ಲಿ ನಡೆಯುವುದು ಬೇರೆ. ಅಲ್ಲಿ ಅವರನ್ನು ನಾನು ನಡೆಸಿದ್ದು ಅಂಗಳದ ಅಂಚಿನವರೆಗೆ ಮಾತ್ರ. ಸರೋಜ "ಅಬ್ಬೇ, ಅಬ್ಬೇ" ಎನ್ನುತ್ತ ಅಮ್ಮನನ್ನು ಹಿಡಿಯಲು ಮುನ್ನುಗ್ಗಿದಳು. ನಾನು ಅವಳ ಕೈ ಹಿಡಿದುಕೊಂಡೆ. "ಬಿದ್ದರೆ?" ಎಂದಳು. "ಬಿದ್ದರೆ ಹೊಯಿಗೆ," ಎಂದೆ. ನಾವಿಬ್ಬರೂ ಕೈ ಕೈ ಬಿಗಿಹಿಡಿದುಕೊಂಡು ಅವರ ಹಿಂದೆ ನಡೆದೆವು.

ಬಲಗಾಲು ಹೂತಾಗ ನಿಲ್ಲುತ್ತಿದ್ದರು. ಸೊಂಟ ಎತ್ತಿ, ಕಾಲನ್ನು ಕಿತ್ತು, ಅರ್ಧ ಚಕ್ರ ತಿರುಗಿಸಿ ಮುಂದಿಡುತ್ತಿದ್ದರು. ಒಂದು ಸಲ ಮಂಡಿ ಮಡಚಿ ಇನ್ನೇನು ಹೋಯಿತು ಎನ್ನುವಾಗ ಸರೋಜ ನನ್ನ ಅಂಗೈಗೆ ಉಗುರು ಊರಿದಳು. ಗುಲಾಬಕ್ಕ ನಿಂತರು, ಉಸಿರು ತೆಗೆದುಕೊಂಡರು, ಮತ್ತೆ ಹೊರಟರು. ದೋಣಿಯ ಹತ್ತಿರದವರು ಇದನ್ನು ನೋಡಿ ನೂಕುವುದು ನಿಲ್ಲಿಸಿದರು. ಮಂಜಣ್ಣ ಮಾತ್ರ ಸೊಂಟದವರೆಗಿನ ನೀರಿನಲ್ಲಿ ದೋಣಿಯ ಮೂತಿ ಹಿಡಿದು ಕಡಲಿಗೆ ಮುಖ ಮಾಡಿ ನಿಂತಿದ್ದರು. ಗುಲಾಬಕ್ಕ ಬಳಸಿಕೊಂಡು ಅವರ ಎದುರಿಗೆ ಬರಲು ನೊರೆಯೊಳಗೇ ಕಾಲಿಟ್ಟರು. ಆಗ ಮಂಜಣ್ಣ ನೋಡಿದರು.

ಓಡಿಬರಬೇಕೆಂದು ಅವರ ಮೈ ಮುಂದೆ ಬಾಗಿತು. ಬರಲಿಲ್ಲ. ಅವರೂ ಆ ಎರಡು ತಿಂಗಳಲ್ಲಿ ನನ್ನ ಜೊತೆಗೇ ಕಲಿತಿದ್ದರು. ದೋಣಿ ಬಿಟ್ಟು, ನಾಲ್ಕು ಹೆಜ್ಜೆ ನೀರಿನಿಂದ ಈಚೆ ಬಂದು, ಅಷ್ಟಕ್ಕೇ ನಿಂತರು.

ಎಡಗೈಯಲ್ಲಿ ಕೊಡುವಂತಿಲ್ಲ. ಗುಲಾಬಕ್ಕ ಪಾತ್ರೆಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯಿಂದ ಬಲಗೈಯ ಬೆರಳು ಒಂದೊಂದೇ ಬಿಡಿಸಿ ಹಿಡಿಗೆ ಸಿಕ್ಕಿಸಿದರು. ಆಮೇಲೆ ಎಡಗೈಯನ್ನು ಬಿಟ್ಟರು. ಪಾತ್ರೆ ವಾಲಿತು, ಬೀಳಲಿಲ್ಲ. ಎದೆಗೆ ಮಡಚಿಕೊಂಡೇ ಇದ್ದ ಆ ಕೈ ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ಚಾಚಿತು. ನಾನು ಪುಸ್ತಕದಲ್ಲಿ ಓದಿದ ಎಲ್ಲ ಸ್ನಾಯುಗಳ ಹೆಸರೂ ಆ ಕ್ಷಣ ಮರೆತುಹೋಯಿತು. ಮಂಜಣ್ಣ ಎರಡೂ ಕೈಯೊಡ್ಡಿ ತೆಗೆದುಕೊಂಡರು.

ಮಂಜಣ್ಣನ ಕಣ್ಣಿಂದ ನೀರು ಇಳಿಯುತ್ತಿತ್ತು, ಕಡಲ ನೀರೆಂದು ಹೇಳಿದರೂ ನಡೆಯುತ್ತಿತ್ತು, ಅವರು ಹಾಗೆ ಹೇಳುವ ಗೋಜಿಗೆ ಹೋಗಲಿಲ್ಲ.

"ಉಪ್ಪ್ ಹಾಕಿದ್ಯಾ?" ಎಂದು ಕೇಳಿದರು.

"ಉಂಡ್ ಕಾಣಿ," ಎಂದರು ಗುಲಾಬಕ್ಕ.

ಮಂಜಣ್ಣ ದೋಣಿ ಹತ್ತಿದರು. ಬುತ್ತಿಯನ್ನು ಮರೆತದ್ದೋ ಬಿಟ್ಟುಹೋದದ್ದೋ ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ದೋಣಿ ಮೊದಲ ತೆರೆ ಹಾರಿತು, ಎರಡನೆಯದು ಹಾರಿತು, ಆಚೆಯ ತಿಳಿನೀರಿಗೆ ಸೇರಿತು. ಅಲ್ಲಿಯವರೆಗೂ ಗುಲಾಬಕ್ಕ ಕಂಬದ ಹಾಗೆ ನೆಟ್ಟಗೆ ನಿಂತಿದ್ದರು. ದೋಣಿಯ ಮೇಲಿನ ತಲೆಗಳು ಚುಕ್ಕಿಯಾದ ಮೇಲೆ, ಹಿಂತಿರುಗದೆಯೇ, "ಹ್ವಾಯ್, ಈಗ ಹಿಡ್ಕಣಿ ಮಾರಾಯ್ರೆ. ಕಾಲ್ ಎರಡೂ ಹೋಯ್ತ್ ನಂದ್," ಎಂದರು.

ಓಡಿಹೋಗಿ ಆಚೆಗೊಬ್ಬರು ಈಚೆಗೊಬ್ಬರು ಹಿಡಿದೆವು. ಅವರು ಇಡೀ ಭಾರ ನಮ್ಮ ಮೇಲೆ ಬಿಟ್ಟು ನಗುತ್ತಿದ್ದರು. ಸರೋಜ ಅಳುತ್ತಿದ್ದಳು. ನಾನು ಎರಡನ್ನೂ ಮಾಡುತ್ತಿದ್ದೆ. ಹೊಯಿಗೆಯಲ್ಲಿ ಮೂವರೂ ವಾಲಾಡುತ್ತ ಮನೆಯ ಕಡೆ ತಿರುಗಿದಾಗ ಸರೋಜ ಮೂಗೊರೆಸಿಕೊಂಡು ಕೇಳಿದಳು.

"ಅಬ್ಬೇ, ನಿನ್ನ್ ಟಿಕೆಟ್ ಎಂತ ಮಾಡುದೀಗ?"

"ಇರ್ಲಿ ಬಿಡ್," ಎಂದರು ಗುಲಾಬಕ್ಕ. "ಎರಡೂ ಸೀಟಿಗೆ ಕಾಲ್ ನೀಡ್ಕಂಡ್ ಮನಿಕಂಡ್ ಹೋಗ್ ಮಗಾ. ನನ್ನ್ ಚಿಂತೆಯಲ್ ಈ ಮಳೆಗಾಲ ನೀನೂ ಸಮಾ ಮನಿಕಣ್ಲಿಲ್ಲ."